ಚುಕ್ಕೆಗಿಂತ ಮೊದಲು ಉಸಿರು ನೋಡ್ರಿ: ಉಪ್ಪುನೀರಿನ ಮೀನಿಗೆ ಬಿಳಿ ಚುಕ್ಕೆ ಬಂದಾಗ

ಕಲಬುರಗಿಯಿಂದ ನೀವು ಕೇಳಿರುವುದು ಇಷ್ಟು: 200 ಲೀಟರಿನ ಉಪ್ಪುನೀರಿನ ಟ್ಯಾಂಕ್, ಎರಡು ಕ್ಲೌನ್ ಮೀನು, ಒಂದು ನೀಲಿ ಟ್ಯಾಂಗ್ ಮೀನು, ನಾಲ್ಕಾರು ಕೋರಲ್ (ಹವಳ). ಹೈದರಾಬಾದಿನಿಂದ ತಂದ ಟ್ಯಾಂಗ್ ಮೈಮೇಲೆ ಬಿಳಿ ಚುಕ್ಕೆ ಬಂತು, ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಿದಿರಿ, ನಾಲ್ಕು ದಿನಕ್ಕೆ ಚುಕ್ಕೆ ಹೋಯಿತು. ವಾರ ಕಳೆದ ಮೇಲೆ ಎರಡು ಪಟ್ಟಾಗಿ ಮರಳಿದೆ. ಒಂದು ಕ್ಲೌನ್ ನಿನ್ನೆಯಿಂದ ಪವರ್‌ಹೆಡ್ (ನೀರು ಹರಿಸುವ ಪಂಪ್) ಎದುರಿಗೇ ನಿಂತು ಬಾಯಿ ತೆರೆದು ಉಸಿರಾಡುತ್ತಿದೆ. ಡೋಸ್ ಹೆಚ್ಚಿಸಬೇಕೇ?

ಬೇಡ, ಇನ್ನೊಂದು ಹನಿಯೂ ಬೇಡ. ಚುಕ್ಕೆ ಹೋದದ್ದು ಔಷಧಿಯಿಂದ ಅಲ್ಲ. ಹೀಗೆ ಹೋಗಿ ಬರುವ ಚುಕ್ಕೆ ಮೆರೈನ್ ಇಕ್‌ನ ಗುರುತು; ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿಯಿಂದ ಬರುತ್ತದೆ. ಅದು ಮೀನಿನ ಚರ್ಮದೊಳಗೆ 3ರಿಂದ 7 ದಿನ ತಿಂದು ಬೆಳೆದು ತಾನಾಗಿಯೇ ಉದುರುತ್ತದೆ, ಮರಳು ಕಲ್ಲುಗಳಿಗೆ ಅಂಟಿಕೊಂಡು ಗೂಡು ಕಟ್ಟುತ್ತದೆ. ಒಂದು ಗೂಡು ಒಡೆದರೆ ನೂರಾರು ಮರಿಗಳು ಹೊರಬಿದ್ದು ಮತ್ತೆ ಮೀನನ್ನು ಹುಡುಕುತ್ತವೆ. ನೀವು ಗುಣವಾಯಿತು ಅಂದುಕೊಂಡ ದಿನಗಳಲ್ಲೇ ಅದು ತಳದಲ್ಲಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಿತ್ತು. ಚರ್ಮದೊಳಗೆ ಇದ್ದಾಗ ಔಷಧಿ ಮುಟ್ಟುವುದಿಲ್ಲ, ಗೂಡಿನೊಳಗೆ ಇದ್ದಾಗಲೂ ಮುಟ್ಟುವುದಿಲ್ಲ. ನೀರಿನಲ್ಲಿ ಈಜುವ ಒಂದೆರಡು ದಿನ ಮಾತ್ರ ಅದು ನಮ್ಮ ಕೈಗೆ ಸಿಗುತ್ತದೆ.

ಆ ನೀಲಿ ಔಷಧಿ ಮೆಥಿಲೀನ್ ಬ್ಲೂ ಆಗಿದ್ದರೆ ಇನ್ನೊಂದು ಹಾನಿಯೂ ಆಗಿರುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷವನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅದರಿಂದ ಪೆಟ್ಟು. ಇವತ್ತೇ ಅಮೋನಿಯಾ ಟೆಸ್ಟ್ ಮಾಡಿ, ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ (ಔಷಧಿ ಹೀರುವ ಇದ್ದಿಲು) ಹಾಕಿ, ಕಾಲು ಭಾಗ ನೀರು ಬದಲಿಸಿ.

ಈಗ ಕ್ಲೌನ್ ವಿಷಯ. ನನಗೆ ಹೆಚ್ಚು ಚಿಂತೆ ಇರುವುದು ಟ್ಯಾಂಗ್ ಬಗ್ಗೆ ಅಲ್ಲ, ಈ ಕ್ಲೌನ್ ಬಗ್ಗೆ. ಕಿವಿರಿನ ಮುಚ್ಚಳ ಎಷ್ಟು ಸಲ ತೆರೆಯುತ್ತದೆ ಎಂದು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಎಣಿಸಲಾಗದಷ್ಟು ವೇಗವಿದ್ದರೆ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಇನ್ನೊಂದು ಕ್ಲೌನ್ ಜೊತೆ ಹೋಲಿಸಿ. ಒಂದೂವರೆ ಪಟ್ಟು ಮೀರಿದ್ದರೆ ರೋಗ ಕಿವಿರಿಗೆ ಇಳಿದಿದೆ ಅಂತಲೇ ತಿಳಿಯಿರಿ. ಕಿವಿರಿನಲ್ಲಿ ಇರುವುದು ಹೊರಗೆ ಕಾಣುವುದಿಲ್ಲ. ಮೈಮೇಲೆ ಒಂದೇ ಒಂದು ಚುಕ್ಕೆ ಇಲ್ಲದೆ ಸಾಯುವ ಮೀನುಗಳು ಎಷ್ಟೋ ಸಲ ಇದರಿಂದಲೇ ಸಾಯುತ್ತವೆ.

ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು ಮೀನಿನ ಬೆನ್ನು ನೋಡಿ. ಹರಳುಪ್ಪು ಅಂಟಿದ ಹಾಗೆ ಬಿಡಿಬಿಡಿಯಾಗಿ ಎಣಿಸಬಹುದಾದ ಚುಕ್ಕೆಗಳಿದ್ದರೆ ಅದು ಇಕ್. ಸಾಣಿಸಿದ ಜೋಳದ ಹಿಟ್ಟು ಉದುರಿದ ಹಾಗೆ, ಸ್ವಲ್ಪ ಹೊಂಬಣ್ಣದ ಪುಡಿ ಕಂಡರೆ ವೆಲ್ವೆಟ್, ಅಂದರೆ ಅಮೈಲೂಡಿನಿಯಂ. ಪವರ್‌ಹೆಡ್ ಎದುರು ನಿಲ್ಲುವುದು, ಬೆಳಕು ಕಂಡರೆ ದೂರ ಹೋಗುವುದು, ಊಟ ಬಿಡುವುದು ಇದರ ಲಕ್ಷಣ. ಇಕ್ ನಿಮಗೆ ವಾರಗಳ ಸಮಯ ಕೊಡಬಹುದು, ವೆಲ್ವೆಟ್ ಎರಡು ಮೂರು ದಿನವೂ ಕೊಡುವುದಿಲ್ಲ. ಮೂರನೆಯದು ಬ್ರೂಕ್ಲಿನೆಲ್ಲಾ: ಕ್ಲೌನ್‌ಗಳಿಗೇ ಹೆಚ್ಚು ಬರುವುದು. ಚುಕ್ಕೆ ಇರುವುದಿಲ್ಲ, ಮೈಯಿಂದ ಬಿಳಿ ಲೋಳೆ ಹಾಲಿನ ಕೆನೆಯಂತೆ ಪದರ ಪದರವಾಗಿ ಕಿತ್ತು ಬರುತ್ತದೆ. ಇದಕ್ಕೆ ತಾಮ್ರ ಕೆಲಸ ಮಾಡುವುದಿಲ್ಲ. ಹೀಗಾಗಿ ನೋಡದೆ ಔಷಧಿ ಹಾಕಬಾರದು.

ನಾಲ್ಕನೆಯ ಅನುಮಾನ ಫ್ಲೂಕ್ ಹುಳು. ಅದನ್ನು ಸಿಹಿನೀರಿನ ಸ್ನಾನ ಬಯಲು ಮಾಡುತ್ತದೆ. ಕಪ್ಪು ಅಥವಾ ಕಡುನೀಲಿ ಬಕೆಟ್‌ನಲ್ಲಿ 10 ಲೀಟರ್ ಆರ್‌ಓ ನೀರು, ಕಾಲು ಟೀ ಚಮಚ ಅಡುಗೆ ಸೋಡಾ, ಅರ್ಧ ತಾಸು ಏರ್ ಸ್ಟೋನ್. ಉಷ್ಣತೆಯೂ ಪಿಎಚ್ ಕೂಡ ಟ್ಯಾಂಕಿನಷ್ಟೇ ಇರಬೇಕು. ಮೀನನ್ನು 5 ನಿಮಿಷ ಬಿಡಿ, ಪಕ್ಕದಲ್ಲೇ ನಿಂತಿರಿ. ಮೊದಲ ನಿಮಿಷ ಅಡ್ಡ ಮಲಗಿದರೆ ಗಾಬರಿ ಬೇಡ. ಬೆರಳು ತಾಗಿಸಿದಾಗಲೂ ಅಲುಗದಿದ್ದರೆ ತಕ್ಷಣ ತೆಗೆಯಿರಿ. ಫ್ಲೂಕ್ ಇದ್ದರೆ ಪಾರದರ್ಶಕ ಹುಳು ಬೆಳ್ಳಗಾಗಿ, ಎಳ್ಳಿನ ಕಾಳಿನಂತೆ ಕಪ್ಪು ತಳದಲ್ಲಿ ಉದುರಿರುತ್ತದೆ. ಹಾಗೆ ಕಂಡರೆ ಲೀಟರಿಗೆ 2.5 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧಿ, ವಾರ ಬಿಟ್ಟು ಇನ್ನೊಮ್ಮೆ, ಯಾಕಂದರೆ ಮೊಟ್ಟೆಗೆ ಅದು ತಾಗುವುದಿಲ್ಲ. ಫ್ಲೂಕ್ ಇರದಿದ್ದರೂ ಈ ಸ್ನಾನದಿಂದ ಕಿವಿರಿನ ಹೊರೆ ಸ್ವಲ್ಪ ಇಳಿದು, ನಿಮಗೆ ಒಂದು ದಿನ ಸಿಗುತ್ತದೆ.

ನೀವು ಬರೆದ ಲಕ್ಷಣಗಳನ್ನು ನೋಡಿದರೆ ಟ್ಯಾಂಗ್‌ಗೆ ಇಕ್ ಇರುವುದು ಬಹುತೇಕ ಖಚಿತ, ಕ್ಲೌನ್‌ಗೆ ವೆಲ್ವೆಟ್ ಇಲ್ಲ ಅನ್ನಲಾಗದು. ಎರಡಕ್ಕೂ ಆಗುವುದು ತಾಮ್ರ. ಮೂರೂ ಮೀನುಗಳನ್ನು ಬೇರೆ ಟಬ್‌ಗೆ ಹಾಕಿ ತಾಮ್ರ ಕೊಡಿ. ದೊಡ್ಡ ಟ್ಯಾಂಕಿಗೆ ತಾಮ್ರ ಹಾಕಲೇಬಾರದು: ಕೋರಲ್, ಸಿಗಡಿ, ಬಸವನಹುಳು ಸಾಯುತ್ತವೆ, ಕಲ್ಲು ಮರಳು ಅದನ್ನು ಹೀರಿಕೊಂಡು ಪ್ರಮಾಣವೇ ನಿಲ್ಲುವುದಿಲ್ಲ.

60 ಲೀಟರ್ ನೀರು ಹಿಡಿಯುವ ಪ್ಲಾಸ್ಟಿಕ್ ಟಬ್, ಹೀಟರ್, ಎರಡು ಏರ್ ಸ್ಟೋನ್, ಅಡಗಲು ಪಿವಿಸಿ ಪೈಪ್ ತುಂಡು, ಇಷ್ಟು ಸಾಕು. ನಮ್ಮ ಕಡೆಯವರಿಗೆ ಒಂದು ಮಾತು: ಪೈಪ್ ತೇಲದಿರಲಿ ಅಂತ ಶಹಾಬಾದ್ ಕಲ್ಲಿನ ತುಂಡು ಇಡಬೇಡಿ. ಅದು ಸುಣ್ಣದ ಕಲ್ಲು, ತಾಮ್ರವನ್ನು ನೀರಿನಿಂದ ಎಳೆದುಕೊಳ್ಳುತ್ತದೆ. ಅದೇ ರೀತಿ ದೊಡ್ಡ ಟ್ಯಾಂಕಿನ ಸ್ಪಂಜ್ ಫಿಲ್ಟರ್ ತಂದು ಇಡಬೇಡಿ, ಗೂಡುಗಳು ಅದರ ಜೊತೆಗೇ ಬರುತ್ತವೆ. ಹೊಸ ಸ್ಪಂಜಿಗೆ ಬಾಟಲಿ ಬ್ಯಾಕ್ಟೀರಿಯಾ ಹಾಕಿ. ಟಬ್‌ನಲ್ಲಿ ಕಾರ್ಬನ್ ಇರಕೂಡದು.

ತಾಮ್ರಕ್ಕೆ ಗೊಬ್ಬರದ ಅಂಗಡಿಯ ಮೈಲುತುತ್ತ ಬೇಡ, ಅದರ ಶುದ್ಧತೆಗೆ ಖಾತರಿಯಿಲ್ಲ. ಲ್ಯಾಬ್ ದರ್ಜೆಯ ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್ ತನ್ನಿ. 3.93 ಗ್ರಾಂ ತೂಗಿ 1 ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಪ್ರತಿ ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ತಾಮ್ರ ಇರುತ್ತದೆ. ಬೋರ್ ನೀರಿನಲ್ಲಿ ಕರಗಿಸಿದರೆ ತಾಮ್ರ ಗಷ್ಟಾಗಿ ತಳ ಸೇರುತ್ತದೆ, ಲೆಕ್ಕವೆಲ್ಲ ಕೆಡುತ್ತದೆ. ಗುರಿ ಲೀಟರಿಗೆ 0.20 ಮಿಲಿಗ್ರಾಂ, 60 ಲೀಟರಿಗೆ ಒಟ್ಟು 12 ಮಿಲಿಲೀಟರ್. ಸೂಜಿ ತೆಗೆದ ಸಿರಿಂಜಿನಿಂದ 3 ಮಿಲಿಲೀಟರ್‌ನಂತೆ 12 ತಾಸಿಗೊಮ್ಮೆ ನಾಲ್ಕು ಸಲ ಹಾಕಿ, ಟ್ಯಾಂಗ್‌ಗಳು ತಾಮ್ರಕ್ಕೆ ಸೂಕ್ಷ್ಮ. ಜೋಳದ ಹಿಟ್ಟಿನಂಥ ಪುಡಿ ಕಣ್ಣಿಗೇ ಕಂಡರೆ ಮಾತ್ರ 6 ತಾಸಿಗೊಮ್ಮೆ ಹಾಕಿ ಒಂದೇ ದಿನದಲ್ಲಿ ಮುಗಿಸಿ.

ಮುಂದೆ ಬೆಳಿಗ್ಗೆ ಸಂಜೆ ಟೆಸ್ಟ್. 0.15ಕ್ಕಿಂತ ಕೆಳಗಿಳಿದರೆ ಪರಾವಲಂಬಿ ಬದುಕುತ್ತದೆ, 0.25 ದಾಟಿದರೆ ಮೀನಿಗೆ ಅಪಾಯ. ಇಷ್ಟು ಕಡಿಮೆ ಪ್ರಮಾಣ ತೋರಿಸುವ ಕಿಟ್ ಇಲ್ಲದೆ ತಾಮ್ರ ಮುಟ್ಟಲೇಬೇಡಿ. ನೀರು ಬದಲಿಸಿದಾಗ ಹೊಸ ನೀರಿಗೂ ಅದೇ ಪ್ರಮಾಣ: 20 ಲೀಟರಿಗೆ 4 ಮಿಲಿಲೀಟರ್, ಟಬ್‌ಗೆ ಸುರಿಯುವ ಮೊದಲೇ ಬೆರೆಸಿ. ಅಮೋನಿಯಾ ಏರಿದರೆ ನೀರನ್ನೇ ಬದಲಿಸಿ; ಅಮೋನಿಯಾ ಕಟ್ಟುವ ದ್ರಾವಣ ಹಾಕಿದರೆ ತಾಮ್ರ ಇನ್ನಷ್ಟು ವಿಷವಾಗುವ ರೂಪಕ್ಕೆ ಹೊರಳಬಹುದು. ಪ್ರಮಾಣ ತಲುಪಿದ ದಿನದಿಂದ 30 ದಿನ ಬಿಡದೆ ನಡೆಸಿ. ನಡುವೆ ಒಂದು ದಿನ ಇಳಿದರೂ ಎಣಿಕೆ ಮೊದಲಿನಿಂದ.

ಇದಕ್ಕೆಲ್ಲ ಮೊದಲು ಕ್ಲೌನ್ ಮೈಮೇಲೆ ಕೆನೆಯಂಥ ಲೋಳೆ ಕಂಡರೆ ಅದಕ್ಕೆ ಫಾರ್ಮಲಿನ್ ಸ್ನಾನ. 37 ಶೇಕಡಾ ಫಾರ್ಮಲಿನ್, ಟ್ಯಾಂಕಿನಂಥದೇ 20 ಲೀಟರ್ ಉಪ್ಪುನೀರಿಗೆ 3 ಮಿಲಿಲೀಟರ್, 45 ನಿಮಿಷ, ಒಂದು ದಿನ ಬಿಟ್ಟು ಇನ್ನೊಮ್ಮೆ. ಪ್ರತಿ ಸಲ ಮೀನು ಹೊಸ ಟಬ್‌ಗೆ ಹೋಗಬೇಕು. ಫಾರ್ಮಲಿನ್ ನೀರಿನ ಆಮ್ಲಜನಕ ತಿನ್ನುತ್ತದೆ, ಏರ್ ಪಂಪ್ ಜೋರಾಗಿರಲಿ. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಇದ್ದರೆ ಚೆಲ್ಲಿಬಿಡಿ, ಅದು ಮೀನನ್ನು ಕೊಲ್ಲುತ್ತದೆ. ನಿಮಗೂ ಅದು ಕ್ಯಾನ್ಸರ್‌ಕಾರಕ. ಕೈಗವಸು ಹಾಕಿಕೊಂಡು, ಮನೆಯೊಳಗಲ್ಲ, ಪಡಸಾಲೆ ದಾಟಿ ಅಂಗಳದಲ್ಲಿ ಮಾಡಿ, ಮಕ್ಕಳನ್ನು ದೂರವಿಡಿ.

ಉಸಿರು ಸರಿಯಿದ್ದು ಬರೀ ಇಕ್ ಇರುವವರಿಗೆ ಔಷಧಿಯೇ ಬೇಡ, ಟಬ್ ಬದಲಿಸುವ ವಿಧಾನ ಛಲೋ. 40 ಲೀಟರಿನ ಎರಡು ಟಬ್. ಮೀನು 1ನೇ ದಿನ ಒಂದಕ್ಕೆ, 4ನೇ ದಿನ ಇನ್ನೊಂದಕ್ಕೆ, 7, 10, 13ನೇ ದಿನ ಹೀಗೆಯೇ. ಉದುರಿದ ಗೂಡು ಒಡೆಯುವ ಮೊದಲೇ ಮೀನು ಜಾಗ ಬಿಟ್ಟಿರುತ್ತದೆ. 72 ತಾಸು ಮೀರಬಾರದು, ಹಳೆಯ ಟಬ್‌ನ ನೀರು ಜೊತೆಗೆ ಬರಬಾರದು. ಖಾಲಿ ಟಬ್, ಪೈಪ್, ಏರ್ ಸ್ಟೋನ್ ಎಲ್ಲವನ್ನೂ ತೊಳೆದು ಮಾಳಿಗೆ ಮೇಲೆ ಒಂದು ದಿನ ಬೋರಲು ಹಾಕಿ. ಕಲಬುರಗಿ, ಯಾದಗಿರಿ ಬಿಸಿಲಿನಲ್ಲಿ ಪೂರ್ತಿ ಒಣಗಿದ ಮೇಲೆ ಗೂಡು ಉಳಿಯುವುದಿಲ್ಲ. ಒಟ್ಟು 200 ಲೀಟರ್ ನೀರು, ಸುಮಾರು ಏಳೂವರೆ ಕಿಲೋ ಸಮುದ್ರದ ಉಪ್ಪಿನ ಮಿಶ್ರಣ ಬೇಕಾಗುತ್ತದೆ. ವೆಲ್ವೆಟ್‌ಗೆ ಈ ವಿಧಾನ ಸಾಲದು.

ಬೇಸಿಗೆಯಲ್ಲಿ ಇನ್ನೊಂದು ಶತ್ರು ಸೆಕೆ. ಸಮುದ್ರದ ನೀರು 26 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.6 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 32 ಡಿಗ್ರಿಯಲ್ಲಿ ಸುಮಾರು 6 ಮಾತ್ರ. ಕಿವಿರು ಕೆಟ್ಟ ಮೀನಿಗೆ ಆ ವ್ಯತ್ಯಾಸವೂ ದೊಡ್ಡದು. ನಮ್ಮ ಒಣಹವೆಯಲ್ಲಿ ಟಬ್ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಆರಿದಷ್ಟೂ ಉಪ್ಪು, ತಾಮ್ರ ಎರಡೂ ಗಟ್ಟಿಯಾಗುತ್ತವೆ. ಟಬ್ ಗೋಡೆಗೆ ಮಾರ್ಕರಿನಿಂದ ಗೆರೆ ಎಳೆದು, ದಿನಕ್ಕೆ ಎರಡು ಸಲ ಬರೀ ಆರ್‌ಓ ನೀರಿನಿಂದ ಗೆರೆ ಮುಟ್ಟಿಸಿ. ಕರೆಂಟ್ ಹೋದಾಗ ಬೇಕಾಗುತ್ತದೆ, ಬ್ಯಾಟರಿ ಏರ್ ಪಂಪ್ ಇರಲಿ.

ರೆಕ್ಕೆ ಕೊಳೆತರೆ, ಕೆಂಪು ಹುಣ್ಣಾದರೆ ಅದು ಬ್ಯಾಕ್ಟೀರಿಯಾ, ಹೆಚ್ಚಿನ ಸಲ ಪರಾವಲಂಬಿ ಮಾಡಿದ ಗಾಯದ ಮೇಲೆ ಬಂದದ್ದು. ಮೆಡಿಕಲ್ ಅಂಗಡಿಯ ಆಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ಸುರಿಯಬೇಡಿ. ಪಶುವೈದ್ಯರಿಗೆ ತೋರಿಸಿ, ಬೀದರಿನವರಿಗೆ ಪಶುವೈದ್ಯಕೀಯ ಕಾಲೇಜು ಊರಲ್ಲೇ ಇದೆ. ಸತ್ತ ಮೀನನ್ನು ಫ್ರಿಜ್‌ನಲ್ಲಿಟ್ಟು ಒಯ್ದರೆ ಪ್ರಯೋಜನವಿಲ್ಲ, ಪರಾವಲಂಬಿಗಳು ಆಗಲೇ ಬಿಟ್ಟುಹೋಗಿರುತ್ತವೆ. ಜೀವಂತ ಮೀನಿನ ಲೋಳೆಯನ್ನು ಸ್ಲೈಡ್ ಮೇಲೆ ಆಗಲೇ ನೋಡಬೇಕು: ಉರುಳುತ್ತಿರುವ ದುಂಡನೆಯದು ಇಕ್, ಅಲುಗದ ಕಂದು ಬಣ್ಣದ ಹನಿಯಾಕಾರ ವೆಲ್ವೆಟ್, ಅವರೆ ಬೀಜದ ಆಕಾರದಲ್ಲಿ ಜಾರುತ್ತಾ ಹೋಗುವುದು ಬ್ರೂಕ್ಲಿನೆಲ್ಲಾ.

ದೊಡ್ಡ ಟ್ಯಾಂಕ್ 26–27 ಡಿಗ್ರಿಯಲ್ಲಿ 76 ದಿನ ಒಂದೂ ಮೀನಿಲ್ಲದೆ ಇರಬೇಕು. ಕೋರಲ್, ಸಿಗಡಿ ಅಲ್ಲೇ ಇರಲಿ. ಟಬ್‌ಗೆ ಬಳಸಿದ ಬಲೆ, ಒದ್ದೆ ಕೈ ಅದರೊಳಗೆ ಹೋಗಬಾರದು. ಆ ನಡುವೆ ಹೊಸ ಕೋರಲ್ ತಂದಿಟ್ಟರೆ ಅದರ ಬುಡದ ಕಲ್ಲಿನಲ್ಲೂ ಗೂಡು ಇರಬಹುದು, ಆ ದಿನದಿಂದ ಮತ್ತೆ 76 ಎಣಿಸಿ.