ಪ್ರಶ್ನೋತ್ತರ: ಹೊಸ ಪದ್ಧತಿಯೂ ಹಳೆಯ ನೌಕರರೂ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ತಂದೆಯವರು ಕಟ್ಟಿ ಬೆಳೆಸಿದ ಎರಕದ ಕಾರ್ಖಾನೆಯನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಕಳೆದ ವರ್ಷ ಕಾರ್ಖಾನೆಯ ಎಲ್ಲ ಲೆಕ್ಕವನ್ನೂ ಒಂದೆಡೆ ಇಡುವ ಇಆರ್‌ಪಿ ತಂತ್ರಾಂಶ ಹಾಕಿಸಿದೆವು. ಹೀಟ್ ನಂಬರಿನಿಂದ (ಒಂದು ಸಲ ಕರಗಿಸಿದ ಲೋಹಕ್ಕೆ ಕೊಡುವ ಸಂಖ್ಯೆ) ಹಿಡಿದು ರಿಜೆಕ್ಷನ್‌ವರೆಗೆ (ದೋಷವಿದ್ದು ತಿರಸ್ಕೃತವಾದ ಎರಕಗಳು) ಎಲ್ಲವೂ ಅದರಲ್ಲೇ ದಾಖಲಾಗಬೇಕು. ಆದರೆ ಹಿರಿಯ ಸೂಪರ್‌ವೈಸರುಗಳು ತಮ್ಮ ಡೈರಿಯಲ್ಲೇ ಬರೆದುಕೊಂಡು, ಪಾಳಿ ಮುಗಿಯುವ ಹೊತ್ತಿಗೆ ಯಾರೋ ಹುಡುಗನಿಂದ ಅಂದಾಜಿನ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿಸುತ್ತಾರೆ. ಅವರನ್ನೆಲ್ಲ ಚಿಕ್ಕಂದಿನಿಂದ ಕಾಕಾ ಎಂದು ಕರೆದು ಬೆಳೆದವನು ನಾನು; ಗದರಿಸಲು ಬಾಯಿ ಬರುವುದಿಲ್ಲ. ಮುಂದಿನ ತಿಂಗಳಿಂದ ಎರಡು ಪಾಳಿಯನ್ನು ಮೂರು ಮಾಡಬೇಕೆಂದೂ ಇದ್ದೇನೆ. ಪ್ರೋತ್ಸಾಹಧನ ಕೊಟ್ಟರೂ ಬದಲಾಗದ ಇವರನ್ನು ಹೇಗೆ ಒಪ್ಪಿಸಲಿ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಪ್ರೋತ್ಸಾಹಧನದ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮಗೆ ಆದ ಅನುಭವವೇ ಎಂಟು ದಶಕಗಳ ಹಿಂದೆ ಅಮೆರಿಕದ ವರ್ಜೀನಿಯಾದಲ್ಲಿ, ಮ್ಯಾರಿಯನ್ ಎಂಬ ಊರಿನ ಹಾರ್ವುಡ್ ಪೈಜಾಮಾ ಕಾರ್ಖಾನೆಯವರಿಗೂ ಆಗಿತ್ತು. ಕೆಲಸದ ವಿಧಾನ ಬದಲಾದಾಗಲೆಲ್ಲ ಹೊಲಿಗೆಯ ಹೆಣ್ಣುಮಕ್ಕಳ ಉತ್ಪಾದನೆ ಕುಸಿಯುತ್ತಿತ್ತು, ಹಲವರು ಕೆಲಸ ಬಿಟ್ಟು ಹೋಗುತ್ತಿದ್ದರು, ಆಡಳಿತದವರು ವಿಶೇಷ ಭತ್ಯೆ ಕೊಟ್ಟರೂ ಪರಿಸ್ಥಿತಿ ಸುಧಾರಿಸಲಿಲ್ಲ. ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಎಂಬಿಬ್ಬರು ಅಲ್ಲಿ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗುಂಪಿಗೆ ಹೊಸ ವಿಧಾನವನ್ನು ಸಭೆ ಕರೆದು ವಿವರಿಸಿದರು, ಅಷ್ಟೆ. ಬೇರೆ ಎರಡು ಗುಂಪುಗಳಲ್ಲಿ ಪ್ರತಿಯೊಬ್ಬರೂ ಕುಳಿತು ಹೊಸ ವಿಧಾನವನ್ನು ರೂಪಿಸುವುದರಲ್ಲಿಯೇ ಪಾಲ್ಗೊಂಡರು. ಕೇವಲ ವಿವರಣೆ ಕೇಳಿದ ಗುಂಪಿನಲ್ಲಿ ಮೊದಲ 40 ದಿನಗಳಲ್ಲೇ ಶೇ. 17 ಮಂದಿ ಕೆಲಸ ಬಿಟ್ಟರು. ಪಾಲ್ಗೊಂಡ ಗುಂಪುಗಳಲ್ಲಿ ಯಾರೂ ಬಿಡಲಿಲ್ಲ, ಉತ್ಪಾದನೆ ಹಿಂದಿನ ಮಟ್ಟವನ್ನೂ ದಾಟಿ ಸುಮಾರು ಶೇ. 14ರಷ್ಟು ಏರಿತು.

ಆದರೆ ನಾನು ನಿಮ್ಮ ಗಮನಕ್ಕೆ ತರಬಯಸುವುದು ಆ ಪ್ರಯೋಗದ ಕೊನೆಯ ಭಾಗವನ್ನು. ಮೊದಲ ಗುಂಪಿನಲ್ಲಿ ಉಳಿದಿದ್ದವರನ್ನೇ ಎರಡು ತಿಂಗಳಿಗೂ ಹೆಚ್ಚು ಸಮಯದ ಬಳಿಕ ಮತ್ತೆ ಒಟ್ಟುಗೂಡಿಸಿ, ಇನ್ನೊಂದು ಹೊಸ ಕೆಲಸಕ್ಕೆ, ಈ ಸಲ ಅವರನ್ನೇ ಯೋಜನೆಯಲ್ಲಿ ಸೇರಿಸಿಕೊಂಡು ಹಚ್ಚಿದರು. ಮೊದಲು ಸಿಟ್ಟಿನಿಂದ ಕೈ ನಿಧಾನ ಮಾಡಿದ್ದ ಅದೇ ಹೆಂಗಸರು ಬೇಗ ಹಳೆಯ ವೇಗಕ್ಕೆ ಮರಳಿ ಅದನ್ನು ಮೀರಿದರು. ಜನ ಅವರೇ, ಕಾರ್ಖಾನೆಯೂ ಅದೇ. ಬದಲಾದದ್ದು ಅವರನ್ನು ನಡೆಸಿಕೊಂಡ ರೀತಿ. ಆದ್ದರಿಂದ ‘ಬದಲಾಗದ ಇವರು’ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ.

ಈಗ ಆ ಡೈರಿಯ ವಿಷಯ. ಅದರಲ್ಲಿ ಏನು ಬರೆದಿದೆ ಎಂದು ನೀವು ಎಂದಾದರೂ ಓದಿದ್ದೀರಾ? ಒಂದು ಪೂರ್ತಿ ಪಾಳಿ ಆ ಕಾಕಾ ಅವರ ಪಕ್ಕದಲ್ಲಿ ನಿಂತು, ‘ಇದನ್ನು ಯಾಕೆ ಬರೆದುಕೊಂಡಿರಿ, ಕಾಕಾ?’ ಎಂದು ಒಂದೊಂದನ್ನೂ ಕೇಳಿ. ಬೆಳಗಾವಿಯ ಮಳೆಗಾಲದಲ್ಲಿ ಮರಳಿನ ತೇವ ಏರಿದರೆ ಎರಕದಲ್ಲಿ ಬ್ಲೋ ಹೋಲ್ (ಅನಿಲದಿಂದಾಗುವ ತೂತು) ಬೀಳುತ್ತದೆ ಎಂಬುದು ನಿಮಗೂ ಗೊತ್ತು. ಯಾವ ಪ್ಯಾಟರ್ನಿನ (ಅಚ್ಚು ತೆಗೆಯುವ ಮಾದರಿ) ಯಾವ ಮೂಲೆಯಲ್ಲಿ ಅದು ಮೊದಲು ಕಾಣಿಸುತ್ತದೆ, ಆ ದಿನ ಮರಳನ್ನು ಕಲಸಿದವರು ಯಾರು ಎಂಬುದು ಮಾತ್ರ ಆ ಡೈರಿಗೇ ಗೊತ್ತಿರುತ್ತದೆ. ತಂತ್ರಾಂಶದ ಪರದೆಯಲ್ಲಿ ಇದನ್ನೆಲ್ಲ ಬರೆಯಲು ಜಾಗವಿಲ್ಲದಿದ್ದರೆ ಮೂವತ್ತು ವರ್ಷಗಳ ತಿಳಿವಳಿಕೆಯೆಲ್ಲ ‘ಇತರೆ’ ಎಂಬ ಒಂದೇ ಕಲಮಿನಲ್ಲಿ ಮುಗಿದುಹೋಗುತ್ತದೆ. ಅವರು ಕಂಪ್ಯೂಟರನ್ನು ಹುಡುಗನಿಗೆ ಒಪ್ಪಿಸಿ ಡೈರಿಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ತಂತ್ರಾಂಶ ಕೊಟ್ಟ ಸಂಸ್ಥೆಯವರನ್ನು ಕರೆಸಿ, ಯಾವ ಕಲಮುಗಳು ಇರಬೇಕೆಂಬುದನ್ನು ಆ ಹಿರಿಯರೇ ಹೇಳುವಂತೆ ಮಾಡಿ. ಪರದೆಯ ಮೇಲಿನ ಹೆಸರುಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರಲಿ. ಇದಕ್ಕೆ ಒಂದಿಷ್ಟು ಹಣ ಹೆಚ್ಚಾಗಬಹುದು, ಆದರೆ ಅಂದಾಜಿನ ಅಂಕಿಗಳನ್ನು ನಂಬಿ ನಡೆಸುವ ಕಾರ್ಖಾನೆಯ ನಷ್ಟ ಅದಕ್ಕಿಂತ ದೊಡ್ಡದು.

ಇನ್ನೊಂದು ಕಾರಣವೂ ಇದ್ದೀತು. ರಿಜೆಕ್ಷನ್ ಎಷ್ಟೆಂದು ಹೆಸರಿನ ಸಮೇತ ದಾಖಲಾದರೆ ಮರುದಿನ ಬೆಳಿಗ್ಗೆ ಉತ್ತರ ಕೊಡಬೇಕಾದವರು ಯಾರು? ಮೊದಲ ಆರು ತಿಂಗಳ ಅಂಕಿಗಳನ್ನು ಯಾರ ವಿರುದ್ಧವೂ ಬಳಸುವುದಿಲ್ಲವೆಂದು ಬರೆದು ಸೂಚನಾ ಫಲಕಕ್ಕೆ ಹಾಕಿ, ಬರೆದ ಮಾತಿಗೆ ತಪ್ಪದೆ ನಡೆದುಕೊಳ್ಳಿ. ಒಮ್ಮೆ ತಪ್ಪಿದರೂ ಅಂಕಿಗಳು ಮತ್ತೆ ಡೈರಿಗೇ ಹಿಂದಿರುಗುತ್ತವೆ.

ಮೂರು ಪಾಳಿಯ ವಿಚಾರದಲ್ಲಿ ಅವಸರ ಬೇಡವೆಂದೇ ಹೇಳುತ್ತೇನೆ. ಪಾಳಿಯ ಬದಲಾವಣೆಗೆ ಕಾರ್ಮಿಕರಿಗೆ ಮುಂಚಿತವಾಗಿ 21 ದಿನಗಳ ನೋಟಿಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನಲ್ಲಿದ್ದ ನಿಯಮವನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೆಯ ಕಲಮು ಉಳಿಸಿಕೊಂಡಿದೆ. ನೋಟಿಸಿನ ಒಕ್ಕಣೆಗೆ ನಿಮ್ಮ ಕಾರ್ಮಿಕ ಕಾನೂನು ಸಲಹೆಗಾರರನ್ನು ಕೇಳಿ. ಆ 21 ದಿನಗಳನ್ನು ಬರಿಯ ಕಾನೂನಿನ ಶಾಸ್ತ್ರವೆಂದು ಕಳೆಯಬೇಡಿ. ರಾತ್ರಿ ಪಾಳಿ ಮುಗಿಸಿದವರು ಸುತ್ತಲಿನ ಹಳ್ಳಿಗಳಿಗೆ ಯಾವ ಬಸ್ಸಿನಲ್ಲಿ ಹೋಗಬೇಕು, ಕ್ಯಾಂಟೀನ್ ತೆರೆದಿರುತ್ತದೆಯೇ, ಓವರ್‌ಟೈಮ್ ನಿಂತುಹೋದರೆ ತಿಂಗಳ ಕೈಸಂಬಳ ಎಷ್ಟು ಇಳಿಯುತ್ತದೆ – ಅವರು ಮನೆಯಲ್ಲಿ ಲೆಕ್ಕ ಹಾಕುವುದು ಇವನ್ನೇ. ಇದಕ್ಕೆಲ್ಲ ಉತ್ತರ ಸಿದ್ಧವಿಲ್ಲದಿದ್ದರೆ ಒಂದು ತಿಂಗಳು ಮುಂದೆ ಹಾಕಿ.

ಪ್ರಶ್ನೆ: ವಿಲೀನಗೊಂಡ ಬ್ಯಾಂಕೊಂದರ ಕರಾವಳಿಯ ಶಾಖೆಗೆ ನಾನು ವ್ಯವಸ್ಥಾಪಕಿ. ವರ್ಷಗಳೇ ಕಳೆದರೂ ಸಿಬ್ಬಂದಿಯಲ್ಲಿ ‘ನಮ್ಮ ಬ್ಯಾಂಕು, ನಿಮ್ಮ ಬ್ಯಾಂಕು’ ಎಂಬ ಮಾತು ನಿಂತಿಲ್ಲ. ಊಟಕ್ಕೂ ಬೇರೆ ಬೇರೆಯಾಗಿಯೇ ಕೂರುತ್ತಾರೆ.
– ಹೆಸರು ಬೇಡ, ದಕ್ಷಿಣ ಕನ್ನಡ

ಉತ್ತರ: ಅಮ್ಮಾ, ಈ ನೋವಿಗೆ ಕರ್ನಾಟಕದಲ್ಲಿ ಆಳವಾದ ಕಾರಣವಿದೆ. ಮೈಸೂರು ಸಂಸ್ಥಾನದ ಕಾಲದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದವು. ಮರು ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡಾಗ ದೇಶವೇ ಲಾಕ್‌ಡೌನಿನಲ್ಲಿತ್ತು. ಹತ್ತು ಜನ ಒಂದೆಡೆ ಸೇರಿ ಹಳೆಯ ಹೆಸರಿಗೊಂದು ವಿದಾಯ ಹೇಳುವುದೂ ಸಾಧ್ಯವಿರಲಿಲ್ಲ. 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ಮನೆಬಾಗಿಲಿಗೆ ಹೋಗಿ ಬಿಡಿಗಾಸನ್ನೂ ಜಮಾ ಮಾಡಿಸಿಕೊಂಡ ಸಿಂಡಿಕೇಟ್ ಬ್ಯಾಂಕಿನಲ್ಲಿ ದುಡಿದವರಿಗೆ ಆ ಹೆಸರು ಬರಿಯ ಬೋರ್ಡಾಗಿರಲಿಲ್ಲ. ಕಾಗದದ ಮೇಲಿನ ವಿಲೀನ ಒಂದು ದಿನದ್ದು, ಕೌಂಟರಿನಲ್ಲಿ ಅದು ಮುಗಿಯಲು ಬಹಳ ಕಾಲ ಬೇಕು: ಹಣ ವರ್ಗಾವಣೆಗೆ ಬಳಸುವ, ಸಿಂಡಿಕೇಟ್ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ನಿಂತದ್ದೇ 2021ರ ಜುಲೈ 1ರಂದು.

ಹಾಗಾಗಿ ಹಳೆಯ ಹೆಸರನ್ನು ಯಾರಾದರೂ ಎತ್ತಿದರೆ ತಡೆಯಬೇಡಿ. ಬದಲಿಗೆ, ನಿಮ್ಮ ಅಧಿಕಾರದ ಮಿತಿಯಲ್ಲಿರುವ ಕೆಲಸಗಳಲ್ಲಿ, ಉದಾಹರಣೆಗೆ ಪಿಂಚಣಿದಾರರು ಬರುವ ತಿಂಗಳ ಮೊದಲ ವಾರದ ಏರ್ಪಾಡಿನಲ್ಲಿ, ಚಿನ್ನದ ಸಾಲದ ಸಾಲು ಬೇಗ ಸಾಗುವಂತೆ ಮಾಡುವುದರಲ್ಲಿ, ಎರಡೂ ಕಡೆಯವರು ಹಿಂದೆ ಹೇಗೆ ಮಾಡುತ್ತಿದ್ದರೆಂದು ಕೇಳಿ ತಿಳಿದು, ಉತ್ತಮವಾದದ್ದನ್ನು ಯಾರದೆಂದು ಹೇಳಿಯೇ ಜಾರಿಗೆ ತನ್ನಿ. ಸೇರಿಹೋದ ಬ್ಯಾಂಕಿನವರ ಒಂದೆರಡು ರೂಢಿಗಳಾದರೂ ಶಾಖೆಯಲ್ಲಿ ಉಳಿಯಬೇಕು. ಕೌಂಟರುಗಳಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ. ಊಟದ ಮೇಜನ್ನು ಅವರ ಪಾಡಿಗೆ ಬಿಡಿ. ಜ್ಯೇಷ್ಠತೆ ಮತ್ತು ವರ್ಗಾವಣೆಯ ಕೊರಗು ನಿಮ್ಮಿಂದ ತೀರುವಂಥದ್ದಲ್ಲ. ಅದನ್ನು ನೇರವಾಗಿ ಹೇಳಿ, ಅವರ ಅರ್ಜಿಯನ್ನು ನಿಮ್ಮ ಶಿಫಾರಸಿನೊಂದಿಗೆ ಮೇಲಿನ ಕಚೇರಿಗೆ ಕಳುಹಿಸಿ, ಪ್ರತಿಯನ್ನು ಅವರ ಕೈಗೆ ಕೊಡಿ.

ಪ್ರಶ್ನೆ: ನಮ್ಮ ಕಂಪನಿ ಒಂದು ವಿಭಾಗವನ್ನು ಮುಚ್ಚಲಿದೆ. ತಂಡದ ಮುಖ್ಯಸ್ಥೆಯಾದ ನನಗೆ ಗೊತ್ತು, ತಂಡಕ್ಕೆ ಗೊತ್ತಿಲ್ಲ. ಕೇಳಿದರೆ ಏನು ಹೇಳಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ‘ಅಂಥದ್ದೇನೂ ಇಲ್ಲ’ ಎಂದು ಮಾತ್ರ ಹೇಳಬೇಡಿ. ‘ಈ ವಿಷಯ ಮಾತನಾಡಲು ನನಗೆ ಈಗ ಅನುಮತಿಯಿಲ್ಲ, ಇಂಥ ದಿನ ಹೇಳುತ್ತೇನೆ’ ಎನ್ನಿ. ಅದಕ್ಕೆ ಮೊದಲು ಆ ದಿನಾಂಕವನ್ನು ಆಡಳಿತ ಮಂಡಳಿಯಿಂದ ಹಟ ಹಿಡಿದಾದರೂ ಪಡೆದುಕೊಳ್ಳಿ. ಹೇಳುವ ದಿನ ಇಮೇಲ್ ಕಳುಹಿಸಿ ಸುಮ್ಮನಾಗದೆ ಒಬ್ಬೊಬ್ಬರೊಂದಿಗೂ ಎದುರು ಕುಳಿತು ಮಾತನಾಡಿ. ಕೊನೆಯ ದಿನ, ಬರಬೇಕಾದ ಹಣ, ಗ್ರಾಚ್ಯುಟಿ, ಅನುಭವ ಪತ್ರ, ಆರೋಗ್ಯ ವಿಮೆ ಎಲ್ಲಿಯವರೆಗೆ ಎಂಬುದನ್ನು ಬರೆದು ಕೊಡಿ. ಈ ನಡುವೆ ಯಾರಾದರೂ ಮನೆಸಾಲಕ್ಕೆ ಸಹಿ ಹಾಕಲು ಹೊರಟಿದ್ದೇವೆಂದು ಹೇಳಿಕೊಂಡರೆ, ಕಾರಣ ಹೇಳಲಾಗದಿದ್ದರೂ, ಒಂದೆರಡು ತಿಂಗಳು ತಡೆಯಿರಿ ಎಂದು ಹೇಳಿಬಿಡಿ.