ನಿಮ್ಮ ಪ್ರಶ್ನೆ, ನಮ್ಮ ಉತ್ತರ: ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಂಶೋಧನೆ

ಪ್ರಶ್ನೆ: ಹಾವು ಕಡಿದು ಬರುವವರ ರಕ್ತ ಹೆಪ್ಪುಗಟ್ಟುವ ಬಗ್ಗೆ ಎಂ.ಡಿ. ಪ್ರಬಂಧ ಮಾಡುತ್ತಿದ್ದೇನೆ. ಎಥಿಕ್ಸ್ ಕಮಿಟಿ (ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿ) ಒಪ್ಪಿಗೆ ಕೊಟ್ಟಿದೆ. ಆದರೆ ರಾತ್ರಿ ಬಂದವರು ಕೈತಪ್ಪುತ್ತಿದ್ದಾರೆ, ತುಂಬಿದ ಫಾರ್ಮುಗಳಲ್ಲೂ ಅರ್ಧ ಖಾಲಿ. ಏನು ಮಾಡಲಿ?
– ಸ್ನಾತಕೋತ್ತರ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಕಬ್ಬಿಗೆ ನೀರು ಬಿಡಲು ಕತ್ತಲಲ್ಲಿ ಹೋದವರು, ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಡಿದವರು ಬರುವುದೇ ರಾತ್ರಿ. ಅವರನ್ನು ಬಿಟ್ಟರೆ ಅಧ್ಯಯನದಲ್ಲಿ ಹುರುಳಿಲ್ಲ. ಹಾವು ಕಡಿದು ಬಂದ ಪ್ರತಿಯೊಬ್ಬರನ್ನೂ ಸ್ಕ್ರೀನಿಂಗ್ ರಿಜಿಸ್ಟರಿನಲ್ಲಿ ಬರೆಯಿರಿ. ಸೇರಿಸಿಕೊಳ್ಳದಿದ್ದರೆ ಕಾರಣವನ್ನೂ ಬರೆಯಿರಿ. ಎಲ್ಲ ರಾತ್ರಿ ಪಾಳಿ ನಿಭಾಯಿಸಲು ಆಗದಿದ್ದರೆ, ಯಾವ ಪಾಳಿಗಳು ಎಂದು ಮೊದಲೇ ಚೀಟಿ ಎತ್ತಿ ನಿಗದಿ ಮಾಡಿ. ಈ ಬದಲಾವಣೆಗೆ ಕಮಿಟಿಯ ಒಪ್ಪಿಗೆ ಮತ್ತೆ ಬೇಕು.

ಫಾರ್ಮು ಒಂದೇ ಪುಟ ಇರಲಿ. ಕೇಸ್ ಶೀಟಿನಿಂದ ಆಮೇಲೆ ಸಿಗುವುದನ್ನು ನರ್ಸಿನ ಕೈಯಲ್ಲಿ ಬರೆಸಬೇಡಿ. ‘ರೋಗಿಗೆ ಗೊತ್ತಿಲ್ಲ’, ‘ನಾವು ಕೇಳಲಿಲ್ಲ’ ಎಂಬ ಎರಡಕ್ಕೂ ಬೇರೆ ಬೇರೆ ಚೌಕ ಇಡಿ. ಖಾಲಿ ಜಾಗ ಎರಡರಲ್ಲಿ ಯಾವುದನ್ನೂ ಹೇಳುವುದಿಲ್ಲ. ಕಡಿದದ್ದು, ಬಂದದ್ದು, ವಿಷನಿರೋಧಕ ಶುರುವಾದದ್ದು, ಈ ಮೂರು ಹೊತ್ತು ಬರೆಯಲೇಬೇಕು. ನಿಮ್ಮ ವಿಭಾಗದೊಳಗಿನ ಹೊತ್ತನ್ನೆಲ್ಲ ಒಂದೇ ಗಡಿಯಾರ ನೋಡಿ ಬರೆಯಿರಿ. ತಾಲ್ಲೂಕು ಆಸ್ಪತ್ರೆಯಿಂದ ರೆಫರ್ ಆಗಿ ಬಂದವರಿಗೆ ಅಲ್ಲೇ ವಿಷನಿರೋಧಕದ ಎಷ್ಟು ವಯಲ್ (ಔಷಧದ ಸಣ್ಣ ಸೀಸೆ) ಹೋಗಿದೆ ಎಂದು ರೆಫರ್ ಚೀಟಿಯಲ್ಲಿ ನೋಡಿ. ಔಷಧ ಆಗಲೇ ಹೋಗಿದ್ದರೆ ನಿಮ್ಮ ಮೊದಲ ಪರೀಕ್ಷೆ ಆರಂಭದ ಸ್ಥಿತಿಯನ್ನು ತೋರಿಸುವುದಿಲ್ಲ, ಅಂಥವರನ್ನು ಬೇರೆ ಗುಂಪಾಗಿ ಇಡಿ.

ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಯಲ್ಲೇ ಹೆಚ್ಚು ಎಡವಟ್ಟು. ಒಣಗಿದ, ಹೊಸ ಗಾಜಿನ ನಳಿಕೆಗೆ ಆಗ ತಾನೆ ತೆಗೆದ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಡಿ, ಆಮೇಲೆ ಒಂದೇ ಸಲ ಓರೆ ಮಾಡಿ ನೋಡಿ. ರಕ್ತ ಹೆಪ್ಪುಗಟ್ಟಲು ಗಾಜಿನ ಮೈಯೇ ಪ್ರಚೋದನೆ. ಪ್ಲಾಸ್ಟಿಕ್ ನಳಿಕೆಯಲ್ಲಿ, ಸೋಪಿನಲ್ಲಿ ತೊಳೆದ ಗಾಜಿನಲ್ಲಿ ಅದು ಇರುವುದಿಲ್ಲ. ಆರೋಗ್ಯವಂತರ ರಕ್ತವೂ ನೀರಾಗಿಯೇ ಉಳಿದು, ವಿಷ ಏರಿದೆ ಎಂದು ತೋರಿ, ಬೇಡದವರಿಗೆ ವಿಷನಿರೋಧಕ ಹೋಗಬಹುದು. ನಳಿಕೆಗಳ ಹೊಸ ಡಬ್ಬಿ ಒಡೆದಾಗ ಆರೋಗ್ಯವಂತರೊಬ್ಬರ ರಕ್ತದಿಂದ ಒಂದು ನಳಿಕೆ ಪರೀಕ್ಷಿಸಿ. ಟೈಮರ್ ಹಚ್ಚದೆ ‘ಅಂದಾಜು ಇಪ್ಪತ್ತು’ ಎಂದು ಬರೆದದ್ದನ್ನು ಒಪ್ಪಬೇಡಿ. ವಿಷನಿರೋಧಕ ಕೊಟ್ಟ 6 ಗಂಟೆಗೆ ಮತ್ತೆ ಮಾಡಬೇಕಾದ ಪರೀಕ್ಷೆ ಪಾಳಿ ಬದಲಾಗುವಾಗ ತಪ್ಪಿಹೋಗುತ್ತದೆ. ಅದರ ಹೊತ್ತನ್ನು ಹಾಸಿಗೆಯ ತಲೆಭಾಗದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ.

ಪ್ರಶ್ನೆ: ಎಚ್ಚರ ತಪ್ಪಿದ ನಮ್ಮ ಭಾವನನ್ನು ಸಂಶೋಧನೆಗೆ ಸೇರಿಸಲು ನನ್ನ ಸಹಿ ಕೇಳಿದರು. ಒಲ್ಲೆ ಅಂದರೆ ಚಿಕಿತ್ಸೆ ನಿಲ್ಲುತ್ತದೆಯೇ? ನಮ್ಮ ಅಕ್ಕನಿಗೆ ಓದು ಬರುವುದಿಲ್ಲ.
– ಓದುಗರು, ಜಮಖಂಡಿ

ಉತ್ತರ: ನಿಲ್ಲುವುದಿಲ್ಲ, ನಿಲ್ಲಿಸಲು ಯಾರಿಗೂ ಹಕ್ಕಿಲ್ಲ. ರೋಗಿಯ ಪರವಾಗಿ ಒಪ್ಪಿಗೆ ಕೊಡಲು ಕಾನೂನಿನಂತೆ ಅಧಿಕಾರ ಇರುವವರೇ ಸಹಿ ಮಾಡಬೇಕು. ಅದು ಅಕ್ಕನವರಾದರೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ಓದಿ ಹೇಳಬೇಕು. ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಮಾತು ಮುಗಿಯುವವರೆಗೆ ಪಕ್ಕದಲ್ಲಿದ್ದು ಸಹಿ ಮಾಡಬೇಕು. ಅಕ್ಕನವರು ಹೆಬ್ಬೆಟ್ಟು ಒತ್ತಬಹುದು. ಸಂಶೋಧನೆಗೆಂದೇ ಮಾಡುವ ಪರೀಕ್ಷೆಗೆ ನಿಮ್ಮಿಂದ ಹಣ ಕೇಳಬಾರದು. ಭಾವನಿಗೆ ಎಚ್ಚರ ಬಂದ ಮೇಲೆ ಅವರನ್ನೇ ಮತ್ತೆ ಕೇಳಬೇಕು. ಆಗ ಅವರು ಬೇಡ ಅಂದರೆ ಅಲ್ಲಿಗೆ ಬಿಡಬೇಕು. ಮಾಹಿತಿ ಪತ್ರದ ಒಂದು ಪ್ರತಿ ಕೇಳಿ ಪಡೆಯಿರಿ, ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಅದರಲ್ಲೇ ಇರಬೇಕು.