ಗೊತ್ತಾಗೋ ಮುಂಚೆ ಬಿಯರ್ ಕುಡಿದಿದ್ದೆ, ಈಗೇನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 27. ಬೆಂಗಳೂರಲ್ಲಿ ಕೆಲಸ, ಸದ್ಯ ದಾವಣಗೆರೆಯ ತವರಲ್ಲಿದ್ದೇನೆ. ಏಪ್ರಿಲ್ 2ಕ್ಕೆ ಮುಟ್ಟಾಗಿದ್ದೆ. 20ಕ್ಕೆ ಗೆಳತಿಯ ಮದುವೆ ಪಾರ್ಟಿಯಲ್ಲಿ ಎರಡು ಬಾಟಲಿ ಬಿಯರ್ ಕುಡಿದೆ. ಮೇ 8ಕ್ಕೆ ಕಿಟ್‌ನಲ್ಲಿ ಎರಡು ಗೆರೆ ಬಂತು. ಮಗುವಿಗೆ ಏನಾದರೂ ಆಗಿದ್ದರೆ? ತೆಗೆಸಿಬಿಡಲಾ? ಅಮ್ಮ ಬೇರೆ ಸುಸ್ತಿಗೆ ಅಂತ ಆಯುರ್ವೇದದ ಅರಿಷ್ಟ ಕೊಡುತ್ತಿದ್ದಾರೆ.

ಉತ್ತರ: ಇದೊಂದೇ ಕಾರಣಕ್ಕೆ ತೆಗೆಸಬೇಡಮ್ಮ. ಮೊದಲು ಕ್ಯಾಲೆಂಡರ್ ನೋಡು. ಡಾಕ್ಟರು ವಾರ ಎಣಿಸೋದು ಮುಟ್ಟಾದ ಮೊದಲ ದಿನದಿಂದ, ಆದರೆ ಅಂಡ ಬಿಡುಗಡೆ ಆಗೋದು ಸುಮಾರು ಎರಡು ವಾರ ಕಳೆದ ಮೇಲೆ. ನಿನ್ನ ಮುಟ್ಟು 28 ದಿನಕ್ಕೆ ಸರಿಯಾಗಿ ಆಗುತ್ತೆ ಅಂದ್ರೆ, 20ನೇ ತಾರೀಕಿಗೆ ಭ್ರೂಣ ಇನ್ನೂ ನಾಲ್ಕೈದು ದಿನದ್ದು, ಗರ್ಭಕೋಶದ ಗೋಡೆಗೆ ಅಂಟಿಕೊಂಡೂ ಇರಲಿಲ್ಲ. ಆಗ ದೊಡ್ಡ ಪೆಟ್ಟು ಬಿದ್ದಿದ್ದರೆ ಸಾಮಾನ್ಯವಾಗಿ ಬಸಿರೇ ನಿಲ್ಲುತ್ತಿರಲಿಲ್ಲ.

ಇನ್ನು ಮೇಲೆ ಮಾತ್ರ ಒಂದು ಗುಟುಕೂ ಬೇಡ. ಮಿದುಳು, ಹೃದಯ, ಕೈಕಾಲು ಮೂಡೋದು ಈ ವಾರಗಳಲ್ಲೇ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನೋ ಅಳತೆ ಬಸುರಿಗೆ ಇಲ್ಲ. ಬರೀ ಬಿಯರ್ ತಾನೇ ಅಂತಾರೆ ಜನ, ಆದರೆ 5 ಪರ್ಸೆಂಟಿನ 650 ಎಂಎಲ್ ಬಾಟಲಿ ಅಂದ್ರೆ ಹೆಚ್ಚೂಕಮ್ಮಿ ಎರಡೂವರೆ ಸಣ್ಣ ಪೆಗ್ ವಿಸ್ಕಿ! ಬಸಿರಲ್ಲಿ ಕುಡಿತ ಮುಂದುವರಿದರೆ ಮಗುವಿಗೆ ಓದು, ಗಮನ, ನೆನಪಿನ ತೊಂದರೆ ಬರಬಹುದು, ಅದು ಯಾವ ಸ್ಕ್ಯಾನಿಂಗಲ್ಲೂ ಕಾಣಲ್ಲ. ಶಾಲೆಗೆ ಹೋಗೋ ವಯಸ್ಸಿಗೆ ಗೊತ್ತಾಗುತ್ತೆ.

ಅರಿಷ್ಟವನ್ನೂ ನಿಲ್ಲಿಸು. ಅಮ್ಮನಿಗೆ ಬೇಜಾರಾಗಬಹುದು, ಬಾಟಲಿ ಮೇಲಿನ ಸಣ್ಣ ಅಕ್ಷರ ಓದಿ ತೋರಿಸು. ಹುದುಗು ಬರಿಸಿ ಮಾಡೋದಲ್ವಾ, ಅದರಲ್ಲೂ ಆಲ್ಕೋಹಾಲ್ ಇರುತ್ತೆ.

ಡಾಕ್ಟರ್ ಹತ್ತಿರ ಪಾರ್ಟಿಯ ವಿಷಯ ಮುಚ್ಚಿಡಬೇಡ. ಅತ್ತೆ ಜೊತೆಗೆ ಬಂದರೆ, ಒಬ್ಬಳೇ ಎರಡು ನಿಮಿಷ ಮಾತಾಡಬೇಕು ಅಂತ ನರ್ಸ್‌ಗೆ ಹೇಳು. ದಿನಕ್ಕೆ 400 ಮೈಕ್ರೋಗ್ರಾಮ್ ಫೋಲಿಕ್ ಆಸಿಡ್ ಇನ್ನೂ ಶುರು ಮಾಡಿಲ್ಲ ಅಂದ್ರೆ ಇವತ್ತೇ ಕೇಳಿ ತಗೋ. ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿಕೋ.

ಇದನ್ನು ಓದುತ್ತಿರುವವರಲ್ಲಿ ದಿನಾ ಕುಡಿಯೋ ಬಸುರಿಯರೂ ಇರಬಹುದು. ನೀವು ಒಮ್ಮೆಲೇ ಬಿಡಬೇಡಿ, ನಡುಕ, ಫಿಟ್ಸ್ ಬರೋ ಅಪಾಯ ಇದೆ. ಡಾಕ್ಟರ ಕಣ್ಗಾವಲಲ್ಲೇ ಬಿಡಬೇಕು. ಎಲ್ಲಿಗೆ ಹೋಗೋದು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.